ಬೀರುವಿಗೆ ಹಾಕಿದ ಗೈಡುಗಳು

ಗುಂಡ್ಲುಪೇಟೆಯಲ್ಲಿ ನಾನು ಹತ್ತನೇ ತರಗತಿಗೆ ಇಂಗ್ಲಿಷ್ ಮೇಡಂ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತಂದೆಗೆ ಪತ್ರ ಬರೆಯಿರಿ ಎಂದರೆ, ದಿನಾ ಮನೆಯಿಂದಲೇ ಬರುವ ಮಕ್ಕಳೆಲ್ಲ ‘ಹಾಸ್ಟೆಲಿನಲ್ಲಿ ಕ್ಷೇಮವಾಗಿದ್ದೇನೆ’ ಎಂಬ ಗೈಡಿನ ಪತ್ರವನ್ನೇ ಭಟ್ಟಿ ಇಳಿಸಿದ್ದರು. ಸಿಟ್ಟು ನೆತ್ತಿಗೇರಿತು. ಗೈಡುಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದೆ.

“ಉರು ಹೊಡೆಸಿ ಪಾಸ್ ಮಾಡಿಸಿ, ಸಾಕು,” ಎಂದು ಹೆಡ್‌ಮಾಸ್ಟರ್ ಬೀಗದ ಕೈ ಕೇಳಿದರು. ನಾನು ಕೊಡಲಿಲ್ಲ.

ಭೀಮನಬೀಡು ಹಳ್ಳಿಯಿಂದ ಬರುವ ಹುಡುಗಿಯೊಬ್ಬಳನ್ನು ಕೇಳಿದೆ: “ನಿಜವಾಗ್ಲೂ ನಿಮ್ಮಪ್ಪನಿಗೆ ಏನ್ ಹೇಳ್ಬೇಕಮ್ಮಿ?”

“ಪರೀಕ್ಸೆ ಮುಗಿಯೋಗಂಟ ಹೊಲಕ್ಕೆ ಚೆಂಡು ಹುವ್ವ ಕೀಳಕ್ಕೆ ಕರೀಬ್ಯಾಡಿ ಅನ್ಬೇಕು, ಮಿಸ್.”

“ಅದನ್ನೇ ಬರಿ.”

ಇಂಗ್ಲಿಷಿನಲ್ಲಿ ಐದು ಸಾಲು ಬರೆದಳು. ಹೆಡ್‌ಮಾಸ್ಟರ್ ಓದಿ, “ಏಳು ತಪ್ಪಿದೆಯಲ್ರೀ!” ಎಂದರು.

“ಇರಲಿ ಸಾರ್. ಇಡೀ ಕ್ಲಾಸಿನಲ್ಲಿ ಅಪ್ಪ ಉತ್ತರ ಕೊಡಲೇಬೇಕಾದ ಪತ್ರ ಇದೊಂದೇ.”