ಖೋಲಿಗೆ ಮೂರೇ ಮಂದಿ

ಕಪಾಟಿನ ಮೇಲಿನ ಅರೆಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ನಾಲ್ಕು ಇದ್ದವು. ಅಪ್ಪ ಬಾಗಿಲಿಗೆ ಚಿಲಕ ಎಲ್ಲಿದೆ ಎಂದು ಹುಡುಕುತ್ತಿದ್ದ. ಅವ್ವ ದುಂಡು ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಇಬ್ಬರೂ ಇತ್ತ ತಿರುಗುವ ಮೊದಲು ನಾಲ್ಕನೆಯದನ್ನು ಎಳೆದು ಕಂಬಳಿಯ ಹಿಂದೆ ತುರುಕಿದೆ.

ನಾನು ಸುಳ್ಳು ಹೇಳಿದ್ದೆ. ಹಡಗಿನ ಆ ಖೋಲಿ, ಅಂದರೆ ಕ್ಯಾಬಿನ್, ನಾಲ್ಕು ಜನರದು. ಮೂವರದು ಎಂದು ನನ್ನ ಸೋದರತ್ತೆಗೆ ಹೇಳಿ, ಅವಳನ್ನು ಬಿಟ್ಟು ಬಂದಿದ್ದೆ.

ಇದು ಮೂರು ವರ್ಷದ ಹಿಂದಿನ ಮಾತು. ಯಾರಿಗೂ ಪೆಟ್ಟಾಗಲಿಲ್ಲ, ಯಾರ ಮನೆಯೂ ಒಡೆಯಲಿಲ್ಲ. ಇಷ್ಟು ಸಣ್ಣದನ್ನು ಯಾರು ನೆನಪಿಡುತ್ತಾರೆ ಎಂದುಕೊಂಡು ನಾನೂ ಸುಮ್ಮನಿದ್ದೆ — ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ — ಕಳೆದ ತಿಂಗಳು ಕಟಕೋಳದಲ್ಲಿ ಒಂದು ಊಟದ ಪಂಕ್ತಿಯಲ್ಲಿ ಕೂರುವವರೆಗೆ.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಅರ್ಜಿ ತುಂಬುವುದು, ಟಿಕೀಟು ತೆಗೆಸುವುದು, ಕಾಗದದ ಕೆಳಗಿನ ಸಣ್ಣ ಅಕ್ಷರಗಳನ್ನು ಓದುವುದು ನನ್ನ ಪಾಲಿನ ಕೆಲಸ. ಓದಿ ನಾನು ಏನು ಹೇಳುತ್ತೇನೋ ಅದೇ ಕೊನೆಯ ಮಾತು. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ; ಹಬ್ಬದ ದಿನವೂ ಅರ್ಧ ಬಾಗಿಲು ತೆರೆದಿಡುವ ಮನುಷ್ಯ. ಅಂಥವನು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಹಡಗಿನ ಚಿತ್ರ ನೋಡುತ್ತ, "ಇದರಾಗ ಒಮ್ಮಿ ಹೋಗಿ ಬರೂಣೇನ?" ಎಂದ. ಅವನ ಬಾಯಿಂದ ಅಂಥ ಮಾತು ಎರಡನೆಯ ಸಲ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ವಾರವೇ ವಿಚಾರಿಸಿದೆ. ಮುಂಬಯಿಯಿಂದ ಹೊರಟು, ಮೂರು ದಿನ ಕಡಲಲ್ಲಿ ಸುತ್ತಿ, ಮತ್ತೆ ಮುಂಬಯಿಗೇ ತಂದು ಬಿಡುವ ಪ್ರವಾಸ.

ಸುದ್ದಿ ಸಂಪಗಾಂವಕ್ಕೆ ಮುಟ್ಟಲು ಎರಡು ದಿನ ಸಾಕಾಯಿತು. ಅಪ್ಪನ ಅಕ್ಕ ಗೌರವ್ವ ಇರುವುದು ಅಲ್ಲಿ. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆ. ಹೊಲದ ಉಸ್ತುವಾರಿ ಈಗಲೂ ಅವಳದೇ. ಅವಳಿಗೆ ಮಾತೆಂದರೆ ಕೈಯಲ್ಲಿನ ಕೆಲಸದ ಹಾಗೆ, ಒಂದು ಗಳಿಗೆಯೂ ಕೆಳಗಿಡಲಾರಳು.

"ಯವ್ವಾ ವೀಣಾ, ನಂದೂ ಒಂದ್ ಹೆಸರ ಬರಿ," ಎಂದಳು, ನಮ್ಮ ಮನೆಗೆ ಬಂದವಳು, ಕಾಲು ತೊಳೆದು ಒಳಗೆ ಬರುವ ಮೊದಲೇ. "ಎಲ್ಯರ ಒಂದ್ ಮೂಲ್ಯಾಗ ಬೀಳತೇನಿ. ಸವದತ್ತಿ ಗುಡ್ಡಕ್ಕ ಹೋಗೂಮುಂದ ಟ್ರ್ಯಾಕ್ಸಿನ್ಯಾಗ ಹದಿನೆಂಟ ಮಂದಿ ಕುಂತಿದ್ವಿ. ಡ್ರೈವರನ ತೊಡಿ ಮ್ಯಾಲ ಒಂದ್ ಕೂಸ ಇತ್ತು."

"ಅದು ಹಡಗ ಐತೆಕ್ಕಾ, ಟ್ರ್ಯಾಕ್ಸ್ ಅಲ್ಲ," ಎಂದು ಅಪ್ಪ ನಕ್ಕ.

"ಹಡಗ ಟ್ರ್ಯಾಕ್ಸಿಗಿಂತ ದೊಡ್ಡದೋ ಸಣ್ಣದೋ, ಅಷ್ಟ ಹೇಳ ನೀ."

ಅಪ್ಪ, ಅವ್ವ, ಅತ್ತಿ — ಮೂವರೂ ನನ್ನ ಕಡೆ ನೋಡಿದರು.

ಹಿಂದಿನ ದಿನವಷ್ಟೇ ಬೆಳಗಾವಿಯ ಏಜೆಂಟ್ ಹೆಂಗಸು ಫೋನಿನಲ್ಲಿ ನನಗೆ ಎಲ್ಲ ಬಿಡಿಸಿ ಹೇಳಿದ್ದಳು. ಕೆಳಗೆ ಎರಡು ಹಾಸಿಗೆ. ಮೇಲೆ, ಗೋಡೆಯಿಂದ ಬಿಚ್ಚಿ ಇಳಿಸುವಂಥವು ಎರಡು. ಐದನೆಯವರಿಗೆ ಏನು ಮಾಡಿದರೂ ಜಾಗವಿಲ್ಲ. ಲೆಕ್ಕ ಹಾಸಿಗೆಯದಷ್ಟೇ ಅಲ್ಲ — ಹಡಗಿನ ಒಂದೊಂದು ಭಾಗದ ಕ್ಯಾಬಿನ್‌ಗಳಿಗೂ ಇಂಥದೇ ಲೈಫ್‌ಬೋಟ್ ಎಂದು ಗೊತ್ತು ಮಾಡಿರುತ್ತಾರಂತೆ. ಆ ದೋಣಿಯಲ್ಲಿ ಕೂರುವವರ ಸಂಖ್ಯೆ ತುಂಬಿಬಿಟ್ಟರೆ, ಹಾಸಿಗೆ ಖಾಲಿ ಇದ್ದರೂ ಹೊಸ ಹೆಸರು ಸೇರಿಸುವುದಿಲ್ಲ. "ನಿಮ್ಮ ಭಾಗದಾಗ ಸದ್ಯಕ್ಕ ಜಾಗಾ ಐತ್ರಿ ಮೇಡಂ. ನಾಕನೇದವರ ಹೆಸರ ಹಾಕೂದಿದ್ರ ಈ ವಾರದಾಗ ಹೇಳಿಬಿಡ್ರಿ," ಎಂದಿದ್ದಳು.

ಇದೆಲ್ಲ ಗೊತ್ತಿದ್ದೇ ಹೇಳಿದೆ: "ಆಗಂಗಿಲ್ಲ ಅತ್ತಿ. ಖೋಲಿಗೆ ಮೂರೇ ಮಂದಿ."

ಅಲ್ಲಿಗೇ ನಿಲ್ಲಿಸಿದ್ದರೂ... ನಿಲ್ಲಿಸಲಿಲ್ಲ. ಅವಳು ವಾದ ಮಾಡುತ್ತಾಳೆಂಬ ಭಯಕ್ಕೆ ಲೈಫ್‌ಬೋಟಿನ ಮಾತು ತೆಗೆದೆ. ಹಡಗಿಗೆ ಏನಾದರೂ ಆದರೆ ದೋಣಿಯಲ್ಲಿ ನಮ್ಮ ಖೋಲಿಗೆ ಮೂರೇ ಜಾಗ, ನಾಲ್ಕನೆಯವರು ಕೂತರೆ ಇನ್ನೊಬ್ಬರ ಜಾಗ ಹೋಗುತ್ತದೆ ಎಂದೆ. ಹೇಳಿದ್ದರಲ್ಲಿ ಹೆಚ್ಚಿನದು ನಿಜವೇ. ನಾನು ಬದಲಿಸಿದ್ದು ಒಂದು ಅಂಕಿ.

ಬಸ್ಸಿನ ಕಂಡಕ್ಟರುಗಳನ್ನು ಮಾತಿನಲ್ಲೇ ಸೋಲಿಸಿ ಸೀಟು ಹಿಡಿಯುವ ಅತ್ತಿ ಆ ದಿನ ಒಂದು ಎದುರು ಮಾತೂ ಆಡಲಿಲ್ಲ. "ಹಂಗಾರ ಬ್ಯಾಡ ತಗೊ," ಎಂದಳು. "ಮಂದಿ ಜೀಂವದ ಜಾಗಾದಾಗ ನಾ ಕುಂದರಲೇನ?"

ಯಾಕೆ ಹಾಗೆ ಮಾಡಿದೆ? ಕಾರಣ ಹೇಳುತ್ತೇನೆ, ಸಮಜಾಯಿಷಿ ಎಂದಲ್ಲ. ಅದಕ್ಕೆ ಆರು ತಿಂಗಳ ಮೊದಲು ಕಿತ್ತೂರಿನ ಒಂದು ಸಂಬಂಧ ಬಂದಿತ್ತು. ನಾನೇ ಬೇಡ ಎಂದಿದ್ದೆ. ಯಾಕೆ ಬೇಡ ಎಂದು ಅವ್ವನಿಗೂ ಪೂರ್ತಿ ಹೇಳಿರಲಿಲ್ಲ. ಒಮ್ಮೆ ಅತ್ತಿಯ ಜೊತೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸಿಗೆ — ಹೆಸರೂ ಗೊತ್ತಿಲ್ಲದವಳಿಗೆ — ಅವಳು ನನ್ನ ವಯಸ್ಸು, ನನ್ನ ಕಾಲೇಜು, ಮುರಿದ ಆ ಸಂಬಂಧ ಎಲ್ಲ ಹೇಳಿ ಮುಗಿಸಿದಳು. ಆ ಹೆಂಗಸು ಇಳಿಯುವಾಗ ನನ್ನ ಗಲ್ಲ ಮುಟ್ಟಿ, "ಎಲ್ಲಾ ಚಲೋ ಆಕ್ಕೈತಿ ತಂಗಿ" ಎಂದಳು. ಮೂರು ದಿನ, ಇಳಿದು ಹೋಗಲು ನಿಲ್ದಾಣವೇ ಇಲ್ಲದ ಹಡಗಿನಲ್ಲಿ, ಊಟದ ಮೇಜಿನಿಂದ ಮೇಜಿಗೆ ನನ್ನ ಸುದ್ದಿ ಹೋಗುವುದು ನನಗೆ ಬೇಡವಾಗಿತ್ತು. ಇಷ್ಟೇ. "ಅತ್ತಿ, ನನ್ನ ವಿಷಯ ಯಾರಿಗೂ ಹೇಳಬೇಡ" ಎಂದು ಕೇಳಬಹುದಿತ್ತು. ಕೇಳಲು ಬಾಯಿ ತೆರೆಯಬೇಕಿತ್ತು.

ನಾವು ಹೊರಡುವ ದಿನ ಅತ್ತಿ ಮತ್ತೆ ಬಂದಳು. ನಮ್ಮ ಕಡೆ ಮೂರು ಜನ ಕೂಡಿ ದೂರಕ್ಕೆ ಹೊರಡುವುದಿಲ್ಲ. ಹೊರಡಲೇಬೇಕಾದರೆ ಒಂದು ಕಲ್ಲನ್ನು ನಾಲ್ಕನೆಯವರೆಂದು ಜೊತೆಗೆ ಒಯ್ಯುತ್ತಾರೆ. ತನ್ನ ಹೊಲದಿಂದಲೇ ಒಂದು ಕರಿ ಕಲ್ಲು ಆರಿಸಿ, ತೊಳೆದು, ವಿಭೂತಿ ಹಚ್ಚಿ ತಂದಿದ್ದಳು. ಅಪ್ಪನ ಕೈಗೆ ಕೊಟ್ಟು, "ಇದು ನಾಕನೇದ್ದು. ಇದಕ್ಕ ದ್ವಾಣ್ಯಾಗ ಜಾಗಾ ಬೇಕಾಗಿಲ್ಲ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಮೂರು ದಿನ ಚೆನ್ನಾಗಿದ್ದವು. ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅವ್ವ ಬೆಳಗಿನ ಚಹಾ ಹಿಡಿದು ಡೆಕ್ಕಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತದ್ದನ್ನು ನೋಡಿದೆ. ಅವಳು ಹಾಗೆ ಕೂತದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಮೇಲಿನ ಹಾಸಿಗೆಯಲ್ಲಿ ಮಲಗಿ ಪುಸ್ತಕ ಓದಿದೆ. ಎದುರಿನ ಗೋಡೆಯಲ್ಲಿ ಇನ್ನೊಂದು ಹಾಸಿಗೆ ಮುಚ್ಚಿಕೊಂಡೇ ಇತ್ತು. ಹಲಗೆ ಎಷ್ಟು ನುಣುಪಾಗಿ ಕೂತಿತ್ತೆಂದರೆ, ಅದೇನು ಎಂದು ಅಪ್ಪನೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ. ಅಪ್ಪ ಮಾತ್ರ ಆ ಕಲ್ಲನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ತಿರುಗಿದ. ಕಲ್ಲಿಗೆ ಅಕ್ಕ ಎಂದೇ ಹೆಸರು. ಊಟಕ್ಕೆ ಹೊರಡುವಾಗ, "ಅಕ್ಕ ಬಂದಳೇನ?" ಎಂದು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡನೆಯ ದಿನ ಸಂಜೆ ಡೆಕ್ಕಿನ ಕಟಕಟೆಯ ಬಳಿ ನಿಂತು ಅದನ್ನು ಅಂಗೈಯಲ್ಲಿ ಹಿಡಿದು, "ನೋಡಕ್ಕಾ, ಬರೇ ನೀರ" ಎಂದ. ಆಗ ನಾನು ಬೇರೆ ಕಡೆ ನೋಡಿದೆ.

ಊರಿಗೆ ಬಂದ ಮೇಲೆ ಜೀವನ ತನ್ನ ಪಾಡಿಗೆ ಸಾಗಿತು. ಕೆಲಸ ಹಿಡಿಸಿದೆ, ಸಂಬಂಧಗಳ ಮಾತು ಮನೆಯಲ್ಲಿ ತಾನಾಗಿ ಕಡಿಮೆಯಾಯಿತು, ನೆಮ್ಮದಿಯಾಗಿದ್ದೇನೆ. ಆದರೆ ನನ್ನ ಸುಳ್ಳು ಸಂಪಗಾಂವದಲ್ಲಿ ಬೆಳೆಯುತ್ತಿತ್ತು. ಹಡಗಿನ ಮಾತು ಎಲ್ಲಿ ಬಂದರೂ ಅತ್ತಿ ಅದನ್ನು ತಿಳಿಸಿ ಹೇಳುತ್ತಿದ್ದಳಂತೆ — ಖೋಲಿಗೆ ಇಷ್ಟೇ ಮಂದಿ, ದೋಣಿಗೆ ಇಷ್ಟೇ ಜಾಗ. ನಮ್ಮ ವೀಣಾ ಓದಿ ಹೇಳಿದ್ದು, ಎಂದು.

ಕಳೆದ ತಿಂಗಳು ಕಟಕೋಳದಲ್ಲಿ ಬಳಗದವರ ಮನೆಯಲ್ಲಿ ಕೂಸಿನ ತೊಟ್ಟಿಲು ಕಾರ್ಯಕ್ರಮ. ಅತ್ತಿಯ ಮಗ ಬಸವರಾಜಣ್ಣನ ಕಾರಿನಲ್ಲಿ ನಾನೂ ಹೋಗಿದ್ದೆ. ಊಟಕ್ಕೆ ಕೂತಾಗ ನಮ್ಮೆದುರಿನ ಸಾಲಿನಲ್ಲಿ ರಾಮದುರ್ಗದ ಶೈಲಕ್ಕ ಇದ್ದಳು. ವ್ಯಾಪಾರಸ್ಥರ ಮನೆಯವಳು, ನಗುನಗುತ್ತಲೇ ಚುಚ್ಚಬಲ್ಲವಳು. ತಾವು ಈಚೆಗೆ ಹಡಗಿನಲ್ಲಿ ಹೋಗಿ ಬಂದದ್ದನ್ನು ಹೇಳುತ್ತಿದ್ದಳು.

"ನಾಕೂ ಮಂದಿ ಒಂದ ಖೋಲ್ಯಾಗ ಇದ್ವಿರಿ. ನಮ್ಮ ಅತ್ತ್ಯಾರು ಕೆಳಗ, ನಾ ಮ್ಯಾಲ."

"ಅದೆಂಗ ಆಕ್ಕೈತಿ?" ಹುಗ್ಗಿ ಕಲಸುತ್ತಿದ್ದ ಅತ್ತಿಯ ಕೈ ನಿಂತಿತು. "ಖೋಲಿಗೆ ಮೂರೇ ಮಂದಿ. ನಾಕನೇದವರನ್ನ ಹತ್ತಿಸಿಕೊಳ್ಳಂಗಿಲ್ಲ." ಲೈಫ್‌ಬೋಟಿನ ಲೆಕ್ಕವನ್ನು ಇಡೀ ಪಂಕ್ತಿಗೆ ವಿವರಿಸಿದಳು. ಒಂದು ಮಾತೂ ತಪ್ಪಿಲ್ಲದೆ, ನಾನು ಹೇಳಿದ ಹಾಗೆಯೇ.

ಶೈಲಕ್ಕ ನಕ್ಕಳು. "ಗೌರಕ್ಕಾರ, ನಿಮ್ಮನ್ನ ಬಿಟ್ಟ ಹೋಗಾಕ ಯಾರೋ ಚಲೋ ಕತಿ ಕಟ್ಯಾರ ನೋಡ್ರಿ."

"ಇವರ ಮಾತಿನ ಭಾರಕ್ಕ ದ್ವಾಣಿ ಮುಳಗತೈತಿ ಅಂತ ಅಂಜಿರಬೇಕ," ಎಂದಳು ಪಕ್ಕದವಳೊಬ್ಬಳು. ಸಾಲು ಪೂರ್ತಿ ನಗೆಯೆದ್ದಿತು.

ಅತ್ತಿ ನಗಲಿಲ್ಲ. "ನನಗ ಏನರ ಅನ್ರಿ. ನಮ್ಮ ವೀಣಾ ಎಮ್ಮೆಸ್ಸಿ ಕಲತಾಕಿ, ಕಾಗದ ಓದಿ ಹೇಳ್ಯಾಳ. ಆಕಿ ಸುಳ್ಳ ಹೇಳೂ ಪೈಕಿ ಅಲ್ಲ." ನನ್ನತ್ತ ತಿರುಗಿದಳು. "ಹೌದಿಲ್ಲವಾ?"

ಇಡೀ ಪಂಕ್ತಿ ನನ್ನನ್ನೇ ನೋಡುತ್ತಿತ್ತು. ಸತ್ಯ ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ, ಮತ್ತು ನಾನು —

"ಹೌದು," ಎಂದೆ. "ಹಡಗ ಬ್ಯಾರೆ ಬ್ಯಾರೆ ಇರತಾವು."

ಮೊದಲಿನ ಸುಳ್ಳು ಅವಳನ್ನು ಮನೆಯಲ್ಲಿ ಬಿಟ್ಟಿತ್ತು. ಇದು ಅವಳನ್ನು ನಡು ಪಂಕ್ತಿಯಲ್ಲಿ ಒಬ್ಬಳನ್ನೇ ಬಿಟ್ಟಿತು. ಯಾಕೆಂದರೆ ಶೈಲಕ್ಕನಿಗೆ ಗೊತ್ತಾಗಿತ್ತು. ನನ್ನ ಮುಖ ನೋಡಿ, ತುಟಿ ಒತ್ತಿ ಹಿಡಿದು, ಎಲೆಯ ಕಡೆ ಬಾಗಿದಳು. ಆ ಸಾಲಿನಲ್ಲಿದ್ದ ಇನ್ನೂ ಕೆಲವರಿಗೆ ಗೊತ್ತಾಗಿತ್ತು. ಗೊತ್ತಾಗದೆ ಉಳಿದವಳು ಅತ್ತಿ.

ಮರಳಿ ಬರುವಾಗ ಅವಳು ನನ್ನ ಜೊತೆ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಸಿರಸಂಗಿ ದಾಟುವವರೆಗೂ ಮಾತಿಲ್ಲ. ಅಷ್ಟು ದಾರಿ ಅವಳು ಹಿಂದೆಂದೂ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಆಕಿ ಮಾತ ಮನಸಿಗೆ ಹಚ್ಚಿಕೋಬ್ಯಾಡ ಯವ್ವಾ. ಮಂದ್ಯಾಗ ನಿನ್ನ ಸುಳ್ಳಿ ಮಾಡಾಕ ನಿಂತಿದ್ಲು. ನಾ ಬಿಡತೇನೇನ?"

ತನ್ನನ್ನು ನೋಡಿ ನಕ್ಕರೆಂದು ಅವಳು ನೊಂದಿರಲಿಲ್ಲ. ನನ್ನ ಮಾತನ್ನು ಅನುಮಾನಿಸಿದರಲ್ಲ ಎಂದು ನೊಂದಿದ್ದಳು. ನನ್ನ ಸುದ್ದಿ ಹೊರಗೆ ಹಾಕುವವಳೆಂದು ನಾನು ದೂರ ಇಟ್ಟವಳೇ ಮಂದಿಯೆದುರು ನನ್ನ ಮಾತಿಗೆ ಕಾವಲು ನಿಂತಿದ್ದಳು ಎಂದು... ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆ ಕೈಯ ಮೇಲೆ ನನ್ನ ಕೈ ಇಡಲಾಗಲಿಲ್ಲ. ಇಡುವ ಹಕ್ಕು ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಂಪಗಾಂವಕ್ಕೆ ಹೋದೆ. ಅತ್ತಿ ಅಂಗಳದ ಬಿಸಿಲಿನಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದೆ, ಚಹಾ ಆಯಿತೇ, ಕಾಲೇಜು ಇಲ್ಲವೇ — ಪ್ರಶ್ನೆಗಳು ಮುಗಿಯುವವರೆಗೆ ನಿಂತಿದ್ದು, ಅವಳೆದುರು ನೆಲದ ಮೇಲೆ ಕೂತು ಹೇಳಿದೆ. ಖೋಲಿ ನಾಲ್ಕು ಮಂದಿಯದಿತ್ತು. ದೋಣಿಯಲ್ಲೂ ಜಾಗವಿತ್ತು. ನನಗೆ ಗೊತ್ತಿತ್ತು.

"ಯಾಕ?" ಎಂದಳು.

"ನೀ ನನ್ನ ಸುದ್ದಿ ಮಂದಿಗೆ ಹೇಳತಿ ಅಂತ."

ಕಾಳಿನಲ್ಲಿ ಬೆರಳಾಡಿಸಿದಳು. ಒಂದೆರಡು ಹರಳು ತೆಗೆದು ಆಚೆ ಎಸೆದಳು. ಆಮೇಲೆ ಇನ್ನೊಂದೇ ಪ್ರಶ್ನೆ ಕೇಳಿದಳು. "ನಿಮ್ಮಪ್ಪಗ ಗೊತ್ತಿತ್ತೇನ?"

"ಇಲ್ಲ ಅತ್ತಿ. ನನಗೊಬ್ಬಾಕಿಗೇ ಗೊತ್ತಿತ್ತು."

"ಹೂಂ," ಎಂದು ಉಸಿರು ಬಿಟ್ಟಳು. ಮತ್ತೆ ನನ್ನ ಮುಖ ನೋಡಲಿಲ್ಲ. ನೋಡಬೇಕೆಂದು ನಾನೂ ಬಯಸಲಿಲ್ಲ.

ಅಲ್ಲಿಯೇ ಕೂತು, ಅವಳಿಗೆ ಕೇಳಿಸುವ ಹಾಗೆ, ರಾಮದುರ್ಗಕ್ಕೆ ಫೋನ್ ಹಚ್ಚಿದೆ.

"ಶೈಲಕ್ಕಾರ, ನಾನ್ರಿ, ವೀಣಾ. ನಿನ್ನೆ ನೀವು ಹೇಳಿದ್ದು ಖರೆ ಐತಿ. ನಮ್ಮ ಖೋಲಿನೂ ನಾಕ ಮಂದೀದ ಇತ್ತು. ಅತ್ತಿಗೆ ಮೂರು ಅಂತ ಸುಳ್ಳ ಹೇಳಿದಾಕಿ ನಾನು. ಆಕಿ ನನ್ನ ಮಾತ ನಂಬಿದ್ಲು, ಅಷ್ಟ." ಮುಂದುವರಿಸಿದೆ. "ನಿನ್ನೆ ಪಂಕ್ತ್ಯಾಗ ಯಾರ್ಯಾರು ಇದ್ರೋ, ಅವರಿಗೆಲ್ಲಾ ಇದನ್ನ ಹೇಳ್ರಿ. ನನ್ನ ಹೆಸರ ಹಿಡದ ಹೇಳ್ರಿ."