ಸುರಿನಾಮಿಗೆ ಹೋಗಬೇಕಿದ್ದವರು ನೀವು

ಗಿರಿಜಕ್ಕಾ, ನಿಮ್ಮ ಪ್ರವಾಸ ತಪ್ಪಿಸಿದ್ದು ಧರ್ಮವಲ್ಲ, ದೈವವೂ ಅಲ್ಲ—ನಾನು. ಬೇಕೆಂದೇ ತಪ್ಪಿಸಿದೆ. ಇಷ್ಟು ವರ್ಷ ಅದಕ್ಕಾಗಿಯೇ ನೀವು ನನ್ನನ್ನು ಹರಸುತ್ತ ಬಂದಿರಿ, ನಾನು ತಲೆ ಬಗ್ಗಿಸಿ ಹರಕೆ ತೆಗೆದುಕೊಂಡೆ. ಎಂಥ ಹೆಂಗಸು ನಾನು!

ಎಪ್ಪತ್ತರ ದಶಕದ ಆ ಬೇಸಿಗೆ ನೆನಪಿದೆಯೇ? ನಮ್ಮ ಆಂಟಾಪ್ ಹಿಲ್ ಮಹಿಳಾ ಮಂಡಳದ ಹಾಡಿನ ತಂಡಕ್ಕೆ ಸುರಿನಾಮಿನಿಂದ ಕರೆ ಬಂದಿತ್ತು. ಕೂಲಿಗೆಂದು ಹಡಗು ಹತ್ತಿ ಹೋಗಿ ಅಲ್ಲೇ ನಿಂತ ನಮ್ಮ ದೇಶದವರ ಮೊಮ್ಮಕ್ಕಳು ಕರೆದಿದ್ದರು. ಅಂಥದೊಂದು ದೇಶ ದಕ್ಷಿಣ ಅಮೆರಿಕದಲ್ಲಿದೆ ಎಂದು ನಮಗಾರಿಗೆ ಗೊತ್ತಿತ್ತು? ನಿಮ್ಮ ಮಗನ ಶಾಲೆಯ ಅಟ್ಲಾಸನ್ನು ಮಂಚದ ಮೇಲೆ ಹರವಿ, ಬೆರಳಿಟ್ಟು ಹುಡುಕಿದವರು ನೀವು. ನಮ್ಮವರು, ಜಾವಾದವರು, ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳು, ಕಾಡಿನ ಮೂಲದವರು, ಚೀನಿಯರು—ಎಲ್ಲ ಒಂದೇ ನಾಡಿನಲ್ಲಿ. ಯಾವ ಊರಿನಲ್ಲಿ ಯಾವ ಹಾಡು ಎಂದು ನೀವು ದಿನವೂ ಕೂಡಿಸಿ ಕಳೆಯುತ್ತಿದ್ದಿರಿ.

"ಜಾವಾದವ್ರ ಊರಾಗ ಏನ್ ಹಾಡೂದ ಸುಶೀ? ಅವ್ರೂ ಭತ್ತಾ ಕುಟ್ಟಾವ್ರ ಅಲ್ಲೇನು, ಅವ್ರದೂ ಪದಾ ಇರ್ತಾವ. ನಾವೊಂದ ಹಾಡೂಣು, ಅವ್ರೊಂದ ಹಾಡ್ಲಿ."

ನಿಮ್ಮ ಅವ್ವನ ಬೀಸುವ ಪದವನ್ನು ಗದ್ದೆಯ ಸೀಮೆ ನಿಕೇರಿಗೆಂದು ಎತ್ತಿಟ್ಟಿದ್ದಿರಿ. ಬೀಸುಕಲ್ಲನ್ನೂ ವಿಮಾನದಲ್ಲಿ ಒಯ್ಯುತ್ತೇನೆಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹೆಚ್ಚು ನಕ್ಕವಳು ನಾನು. ಒಳಗೆ ಹೊಟ್ಟೆ ಉರಿಯುತ್ತಿತ್ತು. ಮುಖ್ಯ ಹಾಡುಗಾರ್ತಿ ನೀವು. ನೀವು ಬಿಟ್ಟರಷ್ಟೇ ಆ ಜಾಗ ನನಗೆ.

ಆ ದೇಶಕ್ಕೆ ಹೋಗಲು ಹಳದಿ ಜ್ವರದ ಸೂಜಿ ಹಾಕಿಸಲೇಬೇಕಿತ್ತು. ಹಾಕಿಸದೆ ಹೋದರೆ ಮರಳುವಾಗ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂಡಿಸುತ್ತಾರೆ. ನಾನು ಕುರ್ಲಾದ ದವಾಖಾನೆಯ ನರ್ಸ್. ಆದ್ದರಿಂದ ಎಲ್ಲರಿಗೂ ಸೂಜಿ ಹಾಕಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಅಂದು ಬೆಳಿಗ್ಗೆ ನೀವು ಲಿಂಗಪೂಜೆ ಮುಗಿಸಿ, ಹೊಸ ಇಳಕಲ್ ಸೀರೆ ಉಟ್ಟು, ಲೋಕಲ್ ರೈಲು ಹಿಡಿಯಲು ಸಿದ್ಧರಾಗಿ ನಿಂತಿದ್ದಿರಿ. ನಾನು ಹೊಸಿಲಲ್ಲೇ ನಿಂತು ಅಂದೆ—

"ಅಕ್ಕಾ, ಆ ಔಷಧಾ ಕೋಳಿ ತತ್ತ್ಯಾಗ ಬೆಳಸ್ತಾರ್ರೀ."

ನಿಮ್ಮ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. ಮುಖ ಬಿಳಿಚಿತು.

"ಖರೇನ?"

"ಖರೇರಿ."

ಅದು ಸುಳ್ಳಲ್ಲ, ಅಕ್ಕಾ. ಈ ಒಂದು ಮಾತನ್ನು ಹಿಡಿದುಕೊಂಡೇ ನಾನು ಇಷ್ಟು ವರ್ಷ ಬದುಕಿದ್ದು. ಆದರೆ ಕೈ ಎತ್ತಿದಾಗ ಸೆರಗು ಜಾರಿ ನಿಮ್ಮ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತು ಕಂಡಿತ್ತು. ಆ ಲಸಿಕೆ ಕರುವಿನ ಮೈಯಿಂದ ತೆಗೆದದ್ದೆಂದು ನರ್ಸಾದ ನನಗೆ ಗೊತ್ತಿತ್ತು. ಹೇಳಿದ್ದರೆ ನೀವು ಒಂದು ಗಳಿಗೆ ಯೋಚಿಸಿ, "ಹಂಗಾದ್ರ ಇದೂ ಔಷಧನ, ನಡಿ" ಅನ್ನುತ್ತಿದ್ದಿರೇನೋ. ನಾನು ಆ ಗುರುತನ್ನೇ ನೋಡುತ್ತ ನಿಂತೆ, ಹೇಳಲಿಲ್ಲ.

"ಮಠದ ಅಜ್ಜಾರನ್ನ ಒಂದ್ ಮಾತ ಕೇಳ್ಲೇನವಾ?" ಅಂದಿರಿ. ಎಷ್ಟು ಆಸೆಯಿತ್ತು ಆ ದನಿಯಲ್ಲಿ!

"ಟೈಮ್ ಇಲ್ರಿ ಅಕ್ಕಾ. ಇವತ್ತ ಆಗ್ಲಿಲ್ಲಂದ್ರ ಆತು."

ಇದು ಮಾತ್ರ ಅಪ್ಪಟ ಸುಳ್ಳು. ಸಮಯವಿತ್ತು. ಊರಿಗೆ ಹೋಗಿ ಸ್ವಾಮಿಗಳನ್ನು ಕೇಳಿ ಮರಳುವಷ್ಟು ಇತ್ತು. ಅವರು ಬೇಡ ಅನ್ನುತ್ತಿರಲಿಲ್ಲ ಎಂಬ ಹೆದರಿಕೆಯೇ ನನಗೆ.

ನೀವು ಒಳಗೆ ಹೋಗಿ ಸೀರೆ ಬದಲಿಸಿ ಬಂದಿರಿ. ನನ್ನ ಕೈ ಹಿಡಿದು, "ಬರೋಬ್ಬರಿ ಹೇಳಿದಿ ತಂಗೀ, ಇಲ್ಲಾಂದ್ರ ಮೈಲಿಗಿ ಆಕ್ಕಿದ್ದೆ. ನೀ ಹೋಗು. ನನ್ನವ್ವನ ಪದಾ ಮಾತ್ರ ಅಲ್ಲಿ ಹಾಡು" ಅಂದಿರಿ. ಸಂಜೆಯವರೆಗೆ ಕುಳಿತು ಆ ಪದದ ಒಂದೊಂದು ಎಳೆಯನ್ನೂ ನನಗೆ ಕಲಿಸಿದಿರಿ.

ಹಾಡಿದೆ. ನಿಕೇರಿಯಲ್ಲಿ ಒಬ್ಬ ಮುದುಕಿ ಮುಂದಿನ ಸಾಲಿನಿಂದ ಎದ್ದು ಬಂದು ನನ್ನ ಗದ್ದ ಹಿಡಿದು ಅತ್ತಳು. ಒಂದು ನುಡಿಯೂ ತಿಳಿದಿರಲಾರದು ಅವಳಿಗೆ; ಬೀಸುವ ಓಟ ಮಾತ್ರ ತಿಳಿದಿತ್ತು. ಇದು ಯಾರ ಹಾಡು ಎಂದು ಒಡಕು ಹಿಂದಿಯಲ್ಲಿ ಕೇಳಿದಳು.

"ನನ್ನ ಅವ್ವನದು" ಅಂದೆ. ಯಾಕೆ ಹಾಗಂದೆ ಅಕ್ಕಾ? ಅಲ್ಲಿ ನಿಮ್ಮ ಹೆಸರು ಹೇಳಿದ್ದರೆ ನನ್ನದೇನು ಹೋಗುತ್ತಿತ್ತು...

ಬರುವ ಬಸವ ಜಯಂತಿಗೆ ಮಂಡಳದವರೆಲ್ಲ ಕೂಡುತ್ತಾರೆ. 'ನನ್ನ ಧರ್ಮ ಉಳಿಸಿದಾಕಿ' ಎಂದು ಅಲ್ಲಿ ನೀವು ನನಗೆ ಸೀರೆ ಉಡಿಸುತ್ತೀರಂತೆ. ಬರುತ್ತೇನೆ. ನೀವು ಆ ಉಡುಗೊರೆ ಸೀರೆಯ ಮಡಿಕೆ ಬಿಚ್ಚುವ ಮುಂಚೆ ಇದೆಲ್ಲವನ್ನೂ ಎಲ್ಲರೆದುರು ಹೇಳುತ್ತೇನೆ—ಸೂಜಿಯ ಮಾತು, ಸಮಯದ ಮಾತು, ಆ ಮುದುಕಿಯ ಮಾತು. ಕ್ಷಮಿಸಿ ಎಂದು ಕೇಳುವ ಮೋರೆ ನನಗಿಲ್ಲ. ಆ ಪದ ಯಾರ ಅವ್ವನದೆಂದು ಮಾತ್ರ ಗಟ್ಟಿಯಾಗಿ ಹೇಳಿ, ವೇದಿಕೆಯಿಂದ ಕೆಳಗೆ ಇಳಿಯುತ್ತೇನೆ.