ಕೊಲಾಜೆನ್ ಕ್ರೀಮು ಮತ್ತು ರಂಗಮ್ಮನ ಕೈ

ಈವರೆಗೆ ನಾನು ಮುಖಕ್ಕೆ ಕ್ರೀಮು ಹಚ್ಚಿದವನಲ್ಲ. ಆದರೂ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕ್ರೀಮು ಕಾರ್ಖಾನೆಯಲ್ಲಿ ಕೂತು, ಗುರುತಿಲ್ಲದ ಹೆಂಗಸರ ಮುಖಗಳ ಬಗ್ಗೆ ಮೂರು ವರ್ಷ ತಲೆ ಕೆಡಿಸಿಕೊಂಡಿದ್ದೆ. ನನ್ನ ಕೆಲಸವೇ ಅದು.

ಎಣ್ಣೆ, ನೀರು ತಾವಾಗಿ ಬೆರೆಯುವುದಿಲ್ಲ. ಎರಡನ್ನೂ ಬಿಸಿಮಾಡಿ, ಮೇಣದಂಥದೊಂದು ವಸ್ತು ಹಾಕಿ ಕಡೆದರೆ ಬೆಣ್ಣೆಯ ಹಾಗೆ ಒಂದಾಗುತ್ತವೆ. ಇಷ್ಟು ನನಗೆ ಬರುತ್ತಿತ್ತು. ಅಷ್ಟರಲ್ಲಿ ನಮ್ಮ ಮಾಲೀಕರು ಎಲ್ಲಿಂದಲೋ ಕೊಲಾಜೆನ್ ಎಂಬ ಮಾತು ಕೇಳಿಕೊಂಡು ಬಂದರು. ದನದ ಚರ್ಮದಿಂದ ತೆಗೆದ, ಅಂಟಂಟಾದ ಪ್ರೋಟೀನು ಅದು. ಅದನ್ನು ನಮ್ಮ ಎಳ್ಳೆಣ್ಣೆ ಕ್ರೀಮಿಗೆ ಸೇರಿಸಿದೆ. ಮೂರನೆಯ ದಿನ ಮೇಲೆ ಎಣ್ಣೆ, ಕೆಳಗೆ ನೀರು. ಐದು ಸಲವೂ ಹೀಗೇ.

"ಇನ್ನೊಂದ್ಸಲ ಒಡೆದ್ರೆ ಫಿನಾಯಿಲ್ ಮಾಡ್ಕೊಂಡಿರೋಣ ಕಣ್ರೀ," ಎಂದರು ಮಾಲೀಕರು.

ಬಾಟಲಿ ತುಂಬುತ್ತಿದ್ದ ನಾಗಸಂದ್ರದ ರಂಗಮ್ಮ ಇದನ್ನೆಲ್ಲ ನೋಡುತ್ತಿದ್ದರು. ಆರನೆಯ ಸಲ ನಾನು ಹಬೆಯಾಡುವ ಪಾತ್ರೆಗೆ ಕೊಲಾಜೆನ್ ಸುರಿಯಹೊರಟಾಗ ಕೇಳಿದರು: "ಬಿಸಿ ಆಲಿಗೆ ಯಾರಾದ್ರೂ ಎಪ್ಪಾಕ್ತಾರಾ ಸಾರ್?"

ಹಾಲು ಉಗುರುಬೆಚ್ಚಗಾದ ಮೇಲೇ ಹೆಪ್ಪು ಹಾಕಬೇಕೆಂದು ನಮ್ಮ ತಾಯಿಗೂ ಗೊತ್ತಿತ್ತು. ಚರ್ಮದ ಪ್ರೋಟೀನು ಕಾವಿಗೆ ಕೆಡುತ್ತದೆಂದು ನಾನೂ ಓದಿದ್ದೆ. ಪರೀಕ್ಷೆ ಮುಗಿದೊಡನೆ ಮರೆತಿದ್ದೆ. ಅಂದು ಪಾತ್ರೆ ಆರುವವರೆಗೆ ಕಾದೆ. ಆ ಕ್ರೀಮು ತಿಂಗಳಾದರೂ ಒಡೆಯಲಿಲ್ಲ.

ರಂಗಮ್ಮನ ಅಂಗೈ ತುಂಬ ಬಿರುಕು. ಮೊದಲ ಬಾಟಲಿ ಅವರಿಗೇ ಕೊಟ್ಟೆ. ಅವರು ಮುಚ್ಚಳಕ್ಕೆ ಕೈ ಹಾಕಿದಾಗ ನನಗೆ ತಡೆಯಲಾಗಲಿಲ್ಲ. ಕೊಲಾಜೆನ್ ಎಲ್ಲಿಂದ ಬರುತ್ತದೆಂದು ಹೇಳಿಬಿಟ್ಟೆ.

ಅವರು ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಮನೇಲಿ ಎರಡು ಅಸ ಅವೆ ಸಾರ್. ದಿನಾ ಬೆಳಿಗ್ಗೆ ಇದೇ ಕೈಯಲ್ಲಿ ಆಲು ಕರೀಬೇಕು."

ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕೋಚವಾಯಿತು. ಮರುದಿನ ಕೊಲಾಜೆನ್ ಇಲ್ಲದೆ, ಬರೀ ಎಳ್ಳೆಣ್ಣೆ ಕ್ರೀಮಿನದೊಂದು ಬಾಟಲಿ ಮಾಡಿಕೊಟ್ಟೆ. ಹದಿನೈದು ದಿನಕ್ಕೆ ಬಿರುಕು ಕೂಡಿಕೊಂಡವು. ಕುತೂಹಲ ತಾಳದೆ ನಾನೂ ಒಂದು ಕೈಗೆ ಕೊಲಾಜೆನ್ ಕ್ರೀಮನ್ನು, ಇನ್ನೊಂದಕ್ಕೆ ಬರೀ ಎಳ್ಳೆಣ್ಣೆಯದನ್ನು ಹಚ್ಚಿ ನೋಡಿದೆ. ಎಷ್ಟು ದಿನವಾದರೂ ಎರಡು ಕೈಗೂ ವ್ಯತ್ಯಾಸ ಕಾಣಲಿಲ್ಲ.

ಮಾಲೀಕರಿಗೆ ಎರಡೂ ಕೈ ತೋರಿಸಿ, ಕೊಲಾಜೆನ್ ಬೇಕಾಗಿಯೇ ಇಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು, ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ನೀವು ಹೇಳೋದು ಸರಿ ಇರ್ಬಹುದು. ಆದ್ರೆ ಕೊಲಾಜೆನ್ ಅಂತ ಲೇಬಲ್ ಪ್ರಿಂಟ್ ಆಗ್ಬಿಟ್ಟಿದೆಯಲ್ರೀ."